ಎಂಟು ಮನೆಯ ನಾಯಿ

ಒಂದೇ ಮಳೆಗಾಲದಲ್ಲಿ ಕಡಲು ಮರವಂತೆಯ ದಡದಿಂದ ಎಂಟು ಮನೆಗಳನ್ನು ಎಳೆದುಕೊಂಡಿತು. ಮೊದಲು ತೆಂಗಿನ ಮರಗಳು ಹೋದವು, ಆಮೇಲೆ ಬಚ್ಚಲು, ಆಮೇಲೆ ಅಡುಗೆಮನೆ. ಮರುವರ್ಷ, ಎರಡು ಸಾವಿರದ ಆರರಲ್ಲಿ, ಆ ಎಂಟು ಕುಟುಂಬಗಳಿಗೆ ಹೆದ್ದಾರಿಯ ಆಚೆ, ಹೊಳೆಯ ಬದಿಯಲ್ಲಿ ಹೊಸ ಮನೆಗಳಾದವು. ಬಿಡಿ ಮನೆಗಳಲ್ಲ, ಒಂದರ ಗೋಡೆ ಇನ್ನೊಂದಕ್ಕೆ ಅಂಟಿದ ಸಾಲು. ಎಂಟು ಬಾಗಿಲಿಗೂ ಸೇರಿ ಒಂದೇ ಉದ್ದದ ಜಗುಲಿ, ಒಂದೇ ಬಾವಿ, ಮೀನು ಒಣಗಿಸಲು ಒಂದೇ ಅಂಗಳ. ಒಂದು ಮನೆಯಲ್ಲಿ ಕೆಮ್ಮಿದರೆ ಮೂರನೆಯ ಮನೆಯಲ್ಲಿ ಕೇಳುತ್ತಿತ್ತು.

ಸಾಮಾನು ಹೇರಿದ ಕೊನೆಯ ಟೆಂಪೊದ ಹಿಂದೆ ಒಂದು ನಾಯಿಯೂ ಹೆದ್ದಾರಿ ದಾಟಿ ಬಂತು. ಯಾರೂ ಕರೆದಿರಲಿಲ್ಲ. ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಬೊಳ್ಳು ಎಂದು ಯಾರೋ ಯಾವಾಗಲೋ ಕೂಗಿದ್ದು ಹೆಸರಾಗಿ ನಿಂತಿತ್ತು.

ಹಳೆಯ ದಡದಲ್ಲಿ ಅದು ಯಾರ ನಾಯಿ ಎಂದು ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಕೈರಂಪಣಿ ಬಲೆಯನ್ನು ಎಲ್ಲರೂ ಸೇರಿ ದಡಕ್ಕೆ ಎಳೆದ ಮೇಲೆ ಮೀನನ್ನು ಮರಳಿನ ಮೇಲೆ ಗುಡ್ಡೆ ಗುಡ್ಡೆಯಾಗಿ ಪಾಲು ಮಾಡುತ್ತಿದ್ದರು. ದೋಣಿಗೊಂದು ಪಾಲು, ಬಲೆಗೊಂದು ಪಾಲು, ಎಳೆದ ಕೈಗಳಿಗೆ ಒಂದೊಂದು. ದೋಣಿಯ ಪಾಲು ತೆಗೆದುಕೊಂಡವನು ದೋಣಿ ನೋಡಿಕೊಳ್ಳಬೇಕು. ಬಲೆಯ ಪಾಲು ತೆಗೆದುಕೊಂಡವನು ಬಲೆ ಹೊಲಿಯಬೇಕು. ಬಲೆ ಹರಿದ ದಿನ ಉಳಿದವರು ಆ ಕಡೆ ತಲೆ ಹಾಕುವುದಿಲ್ಲ. ಅದು ಬಾಯಿಮಾತಿನ ಕಟ್ಟಳೆ, ಆದರೆ ಯಾರೂ ಮೀರಿದ್ದಿಲ್ಲ. ಪಾಲು ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಗುಡ್ಡೆಯಿಂದ ಒಂದು ಮೀನನ್ನು ನಾಯಿಯ ಕಡೆಗೆ ಎಸೆಯುತ್ತಿದ್ದರು. ಗಿಡುಗ, ಕಾಗೆಗಳು ಗುಡ್ಡೆಗೆ ಎರಗದಂತೆ ಓಡಾಡಿ ಕಾದದ್ದು ಅದೇ ತಾನೆ? ಹಾಗಾಗಿ ಬೊಳ್ಳುವಿಗೆ ಎಲ್ಲರ ಪಾಲಿನಲ್ಲೂ ಪಾಲಿತ್ತು.

ಹೊಸ ಸಾಲಿಗೆ ಬಂದ ಮೇಲೆ ಆ ರೂಢಿಯೂ ಜೊತೆಗೆ ಬಂತು. ಆದರೆ ದಡದ ಮರಳು ಬರಲಿಲ್ಲ. ದಡದಲ್ಲಿ ನಾಯಿ ಹೇತದ್ದನ್ನು ಅಲೆ ಒಯ್ಯುತ್ತಿತ್ತು. ಇಲ್ಲಿ ಅದು ಎಂಟು ಬಾಗಿಲಲ್ಲಿ ತಿಂದು, ಜಗುಲಿಯ ಉದ್ದಕ್ಕೂ ಮುಳ್ಳು ಚೆಲ್ಲಿ, ಮೀನು ಹರಡುವ ಅಂಗಳದಲ್ಲೇ ಕೂತುಬಿಡುತ್ತಿತ್ತು. ನಸುಕಿನಲ್ಲಿ ನೀರಿಗೆ ಹೊರಟ ಎರಡನೆಯ ಮನೆಯ ಸರಸ ಅದರ ಹೇಲಿನ ಮೇಲೆ ಕಾಲಿಟ್ಟು ಇಡೀ ಸಾಲನ್ನು ಬೈಗುಳದಿಂದ ಎಬ್ಬಿಸಿದಳು. ಯಾರ ನಾಯಿ ಎಂಬ ಪ್ರಶ್ನೆ ಅಂದು ಮೊದಲ ಬಾರಿ ಹುಟ್ಟಿತು. ಎಲ್ಲರೂ ಪಕ್ಕದ ಮನೆಯ ಕಡೆ ನೋಡಿದರು.

ಐದನೆಯ ಬಾಗಿಲು ಜಲಜಳದು. ಆಗ ಅವಳಿಗೆ ನಲವತ್ತೈದರ ಆಸುಪಾಸು. ಗಂಡ ತಿಮ್ಮ ಕಾಮಾಲೆಯಲ್ಲಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ಬೆಳಿಗ್ಗೆ ದಡದಲ್ಲಿ ಮೀನು ಕೊಂಡು, ಬುಟ್ಟಿ ತುಂಬಿಸಿ, ಬೈಂದೂರಿನ ಬಸ್ಸು ಹತ್ತಿ, ಬಿಜೂರಿನಲ್ಲಿ ಇಳಿದು ಮನೆಮನೆಗೆ ಮಾರುವುದು ಅವಳ ಬದುಕು. ಬುಟ್ಟಿ ಹೊತ್ತೂ ಹೊತ್ತೂ ನೆತ್ತಿಯ ಕೂದಲು ತೆಳುವಾಗಿತ್ತು. ಬಾಯಿ ಚುರುಕು. "ಬಂಗ್ಡಿ ಕಣ್ಣ್ ಕಾಣಿ ಅಮ್ಮ, ನಿಮ್ಮನ್ನೇ ಕಾಂತಿತ್ತ್. ಇದನ್ನ ಬಿಟ್ಟ್ ಒಳಗ್ ಹೋಪುಕೆ ನಿಮ್ಗೆ ಮನಸ್ ಬತ್ತಾ?" ಎಂದರೆ ಬೇಡವೆಂದವರೂ ಪಾತ್ರೆ ಹಿಡಿದು ಬರುತ್ತಿದ್ದರು.

ಅವಳ ಮನೆಗೆ ಅಂಟಿದ ಆರನೆಯ ಮನೆ ಹರಿಣಾಕ್ಷಿಯದು. ಅವಳ ಗಂಡ ಅಶೋಕ್ ಕೈರಂಪಣಿಯ ತಂಡದಲ್ಲಿದ್ದ. ಹರಿಣಾಕ್ಷಿ ಮದುವೆಯಾಗಿ ದಡದ ಹಳೆಯ ಮನೆಗೆ ಬಂದಾಗ ಅವಳಿಗೆ ಮೀನು ಸೀಳಲೂ ಸರಿಯಾಗಿ ಬರುತ್ತಿರಲಿಲ್ಲ; ಕಲಿಸಿದವಳು ಜಲಜ. ಮಗಳು ಧನ್ಯಶ್ರೀ ಹುಟ್ಟಿದಾಗ ತಾಯಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸಿದವಳೂ ಅವಳೇ. ಹೊಸ ಸಾಲಿನಲ್ಲಿ ಇಬ್ಬರ ನಡುವೆ ಒಂದೇ ಗೋಡೆ. ಚಾ ಆದರೆ ಹರಿಣಾಕ್ಷಿ ಸೌಟಿನಿಂದ ಆ ಗೋಡೆಯನ್ನು ಕುಟ್ಟುತ್ತಿದ್ದಳು. ಜಲಜ ಆ ಕುಟ್ಟುವಿಕೆಗೆ ಕಿವಿಗೊಟ್ಟೇ ಸಂಜೆ ಕಳೆಯುತ್ತಿದ್ದಳು. ತನಗೆ ಹಿಂದುಮುಂದು ಯಾರೂ ಇಲ್ಲ ಎಂದು ಅವಳಿಗೆ ಅನ್ನಿಸದಂತೆ ಮಾಡಿದ್ದು ಆ ಸದ್ದು.

ನಾಯಿಯ ಜಗಳಕ್ಕೆ ದಾರಿ ಹುಡುಕಿದ್ದೂ ಹರಿಣಾಕ್ಷಿಯೇ. ಒಂದು ಸಂಜೆ ಜಗುಲಿಯ ಮೇಲೆ ಹೆಂಗಸರೆಲ್ಲ ಕೂತಿದ್ದಾಗ ಅವಳು ಹೇಳಿದಳು:

"ಜಲಜಕ್ಕ, ಒಂದ್ ಕೆಲ್ಸ ಮಾಡುವ. ಎಲ್ಲರೂ ನಾಯಿ ಪಾಲಿನ ಮೀನ್ ನಿಮ್ಮ ಮೆಟ್ಲಲ್ಲಿ ಇಡ್ಲಿ. ನೀವ್ ಬೇಯ್ಸಿ ಒಂದೇ ಸಲ ಹಾಕಿ. ಅದ್ ಎಂಟ್ ಬಾಗ್ಲ್ ತಿರ್ಗುದಾರೂ ತಪ್ಪತ್ತ್. ಹ್ಯಾಂಗೂ ನಿಮ್ಮ ಮಾತ್ ಕೇಣತ್ತಲೆ."

"ಹಾಂಗಾರೆ ಹೇಲ್ ತೆಗುದೂ ಜಲಜಕ್ಕನೇಯಾ?" ಎಂದು ಸರಸ ಕೇಳಿದಳು.

"ಅಲ್ದೆ ಮತ್ತೆ?" ಎಂದಳು ಜಲಜ. "ತಿಂಬುಕೆ ಎಂಟ್ ಮನಿ, ಹೇಲುಕೆ ಒಂದೇ ಅಂಗ್ಳ ಅಂದ್ರೆ ಹ್ಯಾಂಗಾತ್ತ್ ಮರಾಯ್ತಿ? ನಾನೇ ತೆಗಿತೆ. ನಿನ್ ಕಾಲ್ ಅಲ್ಲಿ ತಾಗುದಿಲ್ಲೆ, ಹೆದ್ರಬೇಡ."

ಎಲ್ಲರೂ ನಕ್ಕರು. ಎಲ್ಲರಿಗೂ ಹಗುರವಾಯಿತು.

ಹೀಗೆ ಬೊಳ್ಳುವಿನ ಪಾಲು ಐದನೆಯ ಮನೆಯ ಮೆಟ್ಟಿಲಿಗೆ ಬರತೊಡಗಿತು. ಸಂಜೆ ಅಲ್ಲೊಂದು ಅಲ್ಯೂಮಿನಿಯಂ ತಟ್ಟೆ ಇರುತ್ತಿತ್ತು. ಹೋಗುತ್ತ ಬರುತ್ತ ಒಬ್ಬೊಬ್ಬರು ಒಂದು ಭೂತಾಯಿ ಮೀನು, ಒಂದು ಬಂಗುಡೆಯ ತಲೆ ಹಾಕಿ ಹೋಗುತ್ತಿದ್ದರು. ಜಲಜ ಅದನ್ನು ಅಕ್ಕಿಯೊಡನೆ ಬೇಯಿಸಿ, ಮುಳ್ಳು ಆರಿಸಿ, ಆರಿದ ಮೇಲೆ ಹಾಕುತ್ತಿದ್ದಳು. ನಸುಕಿನಲ್ಲಿ ನಾಯಿಯನ್ನು ಹೊಳೆಯ ದಂಡೆಗೆ ಕರೆದೊಯ್ಯುವಳು, ಕೈಯಲ್ಲೊಂದು ಗುದ್ದಲಿ. ಅಲ್ಲೇ ಗುಂಡಿ ತೋಡಿ ಮುಚ್ಚಿ ಬರುವಳು. ಅಂಗಳದಲ್ಲಿ ಮೀನಿನ ಚಾಪೆಗಳು ಬೀಳುವ ಮೊದಲೇ ಅದನ್ನು ಮನೆಯ ಹಿಂದಿನ ತೆಂಗಿನ ಮರಕ್ಕೆ, ನೆರಳು ಸರಿದಂತೆ ತಾನೂ ಸರಿಯುವಷ್ಟು ಉದ್ದದ ಹಗ್ಗದಲ್ಲಿ ಕಟ್ಟುವಳು. ಆಮೇಲೆಯೇ ಬುಟ್ಟಿ ತಲೆಗೆ. ನಡು ಮಧ್ಯಾಹ್ನ ಅದಕ್ಕೆ ನೀರಿಡುವ ಕೆಲಸವನ್ನು ಹರಿಣಾಕ್ಷಿಗೆ ವಹಿಸಿದ್ದಳು.

ವರ್ಷಕ್ಕೊಮ್ಮೆ ದನದ ಆಸ್ಪತ್ರೆಗೆ ಕರೆದೊಯ್ದು ಹುಚ್ಚಿನ ಇಂಜೆಕ್ಷನ್ ಹಾಕಿಸುತ್ತಿದ್ದಳು. ಮೊದಲ ಸಲ ಹೊರಟಾಗ ರಿಕ್ಷಾದವನು ಕೈ ಮುಗಿದ: "ನಿಮ್ಮ ಮೀನ್ ಬುಟ್ಟಿ ಹತ್ಸಿದ್ದೇ ನನ್ನ ದೊಡ್ ಗುಣ. ಇದನ್ನೂ ಹತ್ಸ್ರೆ ನಾಳಿಂದ ನೊಣ ಮಾತ್ರ ಹತ್ತುದ್." ಅವಳು ನಡೆದೇ ಹೋದಳು. ಆಸ್ಪತ್ರೆಯಲ್ಲಿ ಎಮ್ಮೆ, ಕರುಗಳ ನಡುವೆ ಬೊಳ್ಳು ಅವಳ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿ ನಿಂತಿತು. ಯಾರ ನಾಯಿ ಎಂದು ಡಾಕ್ಟರು ಕೇಳಿದರು. "ಎಂಟ್ ಮನಿದ್ದ್," ಎಂದಳು. ಡಾಕ್ಟರು ನಕ್ಕು, "ಹಿಡ್ಕಂಬುದ್ ಮಾತ್ರ ಒಬ್ರೇಯಾ?" ಎಂದರು. ಜಲಜಳಿಗೂ ನಗು ಬಂತು. ಆಗ ಆ ಮಾತಿನಲ್ಲಿ ನೋಯುವಂಥದ್ದು ಏನೂ ಇರಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಅಂಗಳ ಚೊಕ್ಕಟವಾಗಿತ್ತು. ಬೊಳ್ಳುವಿನ ಮೈ ತುಂಬಿಕೊಂಡಿತು. ಯಾರಾದರೂ ನೆಂಟರು ಬಂದರೆ ಸಾಲಿನವರು, "ನಮ್ಮ ನಾಯಿ, ಎಂತ ಮಾಡುದಿಲ್ಲೆ, ಬನ್ನಿ," ಎಂದು ಹೆಮ್ಮೆಯಿಂದಲೇ ಹೇಳುತ್ತಿದ್ದರು.

ಎರಡು ಸಾವಿರದ ಒಂಬತ್ತರ ಬೇಸಿಗೆ. ಅಂದು ಮಧ್ಯಾಹ್ನ ಮೂಡಣದಿಂದ ಇದ್ದಕ್ಕಿದ್ದಂತೆ ಮೋಡ ಏರಿ ದಪ್ಪ ಹನಿಗಳು ಬಿದ್ದವು. ಬಸ್ಸಿನಲ್ಲಿದ್ದ ಜಲಜ, ಅಂಗಳದ ಮೀನನ್ನು ಯಾರಾದರೂ ಎತ್ತಿಟ್ಟಿರಬಹುದು ಎಂದುಕೊಂಡಳು. ಒಬ್ಬರ ಚಾಪೆಯನ್ನು ಇನ್ನೊಬ್ಬರು ಎತ್ತುವುದು ಸಾಲಿನ ವಾಡಿಕೆ. ಖಾಲಿ ಬುಟ್ಟಿ ಹಿಡಿದು ಮನೆ ಸೇರಿದಾಗ ಜಗುಲಿಯಲ್ಲಿ ಗುಂಪು. ನಡುವೆ ಒಂದನೆಯ ಮನೆಯ ಕುಸುಮಾವತಿ ಕಾಲು ಚಾಚಿ ಕೂತಿದ್ದಳು. ಮೀನಖಂಡಕ್ಕೆ ಬೈರಾಸು ಸುತ್ತಿತ್ತು, ಆ ಬಟ್ಟೆ ಕೆಂಪಾಗಿತ್ತು.

"ಕಾಣ್, ನಿನ್ನ ನಾಯಿ ಮಾಡಿದ್ ಕೆಲ್ಸ," ಎಂದಳು ಸರಸ.

ನಿನ್ನ ನಾಯಿ. ಆ ಮಾತನ್ನು ಸಾಲಿನಲ್ಲಿ ಯಾರೂ ಅಲ್ಲಿಯವರೆಗೆ ಆಡಿರಲಿಲ್ಲ.

ಜಲಜ ಬುಟ್ಟಿ ಇಟ್ಟು, ಕುಸುಮಾವತಿಯನ್ನು ಬಾವಿಕಟ್ಟೆಗೆ ನಡೆಸಿಕೊಂಡು ಹೋಗಿ, ಗಾಯಕ್ಕೆ ಸೋಪು ಹಚ್ಚಿ ಕೊಡಗಟ್ಟಲೆ ನೀರು ಹೊಯ್ದಳು. ಹೊಯ್ಯುತ್ತಲೇ ಕೇಳಿದಳು, "ಹ್ಯಾಂಗಾಯ್ತ್ ಕುಸುಮ?"

"ಮಳಿ ಬಂತಲೆ, ಓಡಿ ಹೋಯಿ ಹರಿಣಾಕ್ಷಿ ಚಾಪಿ ಎತ್ತುಕ್ ಕೈ ಹಾಕ್ದೆ. ಚಾಪಿ ಬುಡದಲ್ಲೇ ಇದ್ದಿತ್. ಗುರ್ ಅನ್ನುಕೂ ಇಲ್ಲೆ, ಹಿಡೀತ್."

ಜಲಜಳ ಕೈ ಅರೆಗಳಿಗೆ ನಿಂತಿತು. ಬೆಳಿಗ್ಗೆ ತೆಂಗಿನ ಬುಡಕ್ಕೆ ಕಟ್ಟಿ ಹೋದ ನಾಯಿ ಹರಿಣಾಕ್ಷಿಯ ಚಾಪೆಯ ಬುಡಕ್ಕೆ ಬಂದದ್ದು ಹೇಗೆ? ಬೊಳ್ಳು ಜಗುಲಿಯ ಕೆಳಗೆ ಮುದುಡಿ ಕೂತಿತ್ತು. ಕೊರಳಿನಿಂದ ಹಗ್ಗ ಉದ್ದಕ್ಕೆ ಬಿದ್ದಿತ್ತು. ಹರಿದಿರಲಿಲ್ಲ. ಗಂಟು ಬಿಚ್ಚಿದ ಹಗ್ಗ. ಮಧ್ಯಾಹ್ನ ಹಿತ್ತಲಿಗೆ ಹೋಗುವವಳು ಒಬ್ಬಳೇ. ನೀರಿಡುವ ನೆಪದಲ್ಲಿ ಹೋಗಿ, ಬಿಚ್ಚಿ ತಂದು, ತನ್ನ ಒಣಮೀನಿನ ಪಕ್ಕ ಕಾಗೆ ಕಾಯಲು ಕೂರಿಸಿ, ತಾನು ಒಳಗೆ ಟಿವಿಯ ಧಾರಾವಾಹಿ ನೋಡುತ್ತ ಕೂತಿರಬೇಕು. ಒಂದು ದಿನದ ಮಾತಲ್ಲ ಇದು. ಒಂದೇ ದಿನ ಕೂರಿಸಿದರೆ ನಾಯಿ ಆ ಚಾಪೆಯನ್ನು ತನ್ನದೆಂದು ಕಾಯುವುದಿಲ್ಲ. ದಿನವೂ ಕೂರಿಸಿರಬೇಕು. ಸಂಜೆ ಬಸ್ಸು ಬರುವ ಮೊದಲು ತೆಂಗಿನ ಬುಡಕ್ಕೆ ಮರಳಿ ಕಟ್ಟಿರಬೇಕು.

ಜಲಜ ತಲೆಯೆತ್ತಿ ನೋಡಿದಳು. ಹರಿಣಾಕ್ಷಿ ಜಗುಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಕಣ್ಣು ಕೂಡುತ್ತಲೇ ಒಳಗೆ ಹೋದಳು.

ಆಗಲೂ ಜಲಜಳಿಗೆ ಸಿಟ್ಟು ಬರಲಿಲ್ಲ. ಹೆದರಿರಬಹುದು ಹುಡುಗಿ ಎಂದುಕೊಂಡಳು. ಕುಸುಮಾವತಿಯನ್ನು ರಿಕ್ಷಾದಲ್ಲಿ ಸರಕಾರಿ ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಇಂಜೆಕ್ಷನ್ ಶುರು ಮಾಡಿ, ಮುಂದಿನವುಗಳನ್ನೂ ತಪ್ಪಿಸಬಾರದೆಂದರು. ನಾಯಿಯನ್ನು ಹತ್ತು ದಿನ ಕಣ್ಣೆದುರೇ ಇಟ್ಟುಕೊಳ್ಳಿ, ಓಡಿಸಬೇಡಿ, ಹೊಡೆಯಬೇಡಿ, ಅದು ಚೆನ್ನಾಗಿದ್ದರೆ ಇವರ ಹೆದರಿಕೆಯೂ ಕಳೆಯುತ್ತದೆ ಎಂದರು. ಜಲಜ ಆ ಮಾತನ್ನು ಎರಡು ಸಲ ಕೇಳಿ ತಿಳಿದುಕೊಂಡಳು.

ಸಂಜೆ ಎಂಟು ಮನೆಯವರೂ ಜಗುಲಿಯಲ್ಲಿ ಸೇರಿದರು. ಮಾತು ಶುರು ಮಾಡಿದವನು ಕುಸುಮಾವತಿಯ ಗಂಡ ಮಂಜ. ಅವನು ಕೈರಂಪಣಿಯ ತಂಡೇಲ. ಬಲೆ ಬೀಸುವ ದಿನ, ಎಳೆಯುವ ಹೊತ್ತು, ಪಾಲು, ಎಲ್ಲ ಅವನ ಮಾತಿನಂತೆ. ಹರಿಣಾಕ್ಷಿ ಸ್ವಲ್ಪ ದೂರದಲ್ಲಿ ಧನ್ಯಶ್ರೀಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು.

"ಮಂಜಣ್ಣ," ಎಂದಳು ಜಲಜ, "ನಾನ್ ಬೆಳಿಗ್ಗೆ ನಾಯಿ ಕಟ್ಟಿಯೇ ಹೋದ್ದ್. ಹಗ್ಗ ಹರಿಲಿಲ್ಲೆ. ಬಿಚ್ಚಿದ್ ಯಾರ್ ಅಂದ್ ಒಂಚೂರ್ ಕೇಣಿ."

 ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಬಾಚಣಿಗೆ ಧನ್ಯಶ್ರೀಯ ಕೂದಲಿನಲ್ಲಿ ಮೇಲಿಂದ ಕೆಳಗೆ ಇಳಿಯಿತು, ಮತ್ತೆ ಮೇಲಿಂದ ಇಳಿಯಿತು. ಜಲಜ ಆ ಕೈಯನ್ನೇ ನೋಡುತ್ತ ಕಾದಳು. ಹೆಸರು ತನ್ನ ಬಾಯಿಂದ ಬರಬಾರದು. ಅವಳೇ ಹೇಳಲಿ. ತಪ್ಪಾಯಿತು ಎಂದು ಒಂದು ಮಾತು. ಅಷ್ಟು ಹೇಳಿದರೆ ನಾಯಿ ಉಳಿಯುತ್ತದೆ. ಮುಖ್ಯವಾಗಿ ಆ ಗೋಡೆ ಮೊದಲಿನ ಗೋಡೆಯಾಗಿಯೇ ಉಳಿಯುತ್ತದೆ.

"ಅಬ್ಬಿ, ನೋಯತ್ತ್, ಎಷ್ಟ್ ಬಾಚ್ತೆ?" ಎಂದಿತು ಮಗು.

ಮಂಜ ಜಲಜಳ ಕಡೆ ತಿರುಗಿದ. "ಜಲಜ, ನಿನ್ ಮೇಲ್ ಸಿಟ್ಟಿಲ್ಲೆ. ಆರೆ ಕ್ರಮ ಅಂದ್ ಒಂದ್ ಇತ್ತಲೆ. ಬಲಿ ಪಾಲ್ ತಕಂಡವ ಬಲಿ ಕಾಣ್ಕ್. ದೋಣಿ ಪಾಲ್ ತಕಂಡವ ದೋಣಿ ಕಾಣ್ಕ್. ಎರಡ್ ವರ್ಷದಿಂದ ನಾಯಿ ಪಾಲ್ ಯಾರ್ ಮೆಟ್ಲಿಗೆ ಬತ್ತಿತ್?"

ಜಲಜಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೇಳಿದಳು: "ಆ ಪಾಲ್ ನಾನ್ ತಿಂದದ್ದಾ ಮಂಜಣ್ಣ? ನಾಯಿ ತಿಂದದ್ದಲ್ದಾ?"

"ಬಲಿ ಪಾಲ್ ಬಲಿ ತಿಂತಾ?" ಎಂದಳು ಸರಸ. ಒಂದಿಬ್ಬರು ನಕ್ಕರು.

ಅದು ಕಟ್ಟಳೆ. ಅದರ ಮುಂದೆ ಮಾತಿಲ್ಲ. ಎಂಟು ಮನೆಯ ಮೀನನ್ನು ಒಂದು ಮೆಟ್ಟಿಲಲ್ಲಿ ಇಡಿಸಿಕೊಂಡ ದಿನವೇ, ತಿಳಿಯದೆ, ಅವಳು ನಾಯಿಯ ಪಾಲುದಾರಳಾಗಿದ್ದಳು. ಪಾಲು ಹಿಡಿದವಳ ಮೇಲೆ ಹೊಣೆ. ಇಟ್ಟವರು ಕೈ ತೊಳೆದುಕೊಂಡಿದ್ದರು, ಅದೂ ಎರಡು ವರ್ಷದ ಹಿಂದೆಯೇ.

"ನಾಳಿಗೇ ಗಂಗೊಳ್ಳಿ ಬಂದರಿಗೆ ಬಿಟ್ಟ್ ಬಪ್ಪ," ಎಂದ ಅಶೋಕ್. ಹರಿಣಾಕ್ಷಿಯ ಗಂಡ. "ಅಲ್ ಮೀನಿಗೆ ಎಂತ ಬರ?"

"ನಾಳಿಗೆ ಆತಿಲ್ಲೆ," ಎಂದಳು ಜಲಜ. ಅವಳ ಧ್ವನಿ ಅವಳಿಗೇ ಬೇರೆಯವರದೆಂಬಂತೆ ಕೇಳಿತು. "ಹತ್ತ್ ದಿನ ಅದ್ ಇಲ್ಲೇ ಇರ್ಕ್. ಡಾಕ್ಟ್ರ್ ಹೇಳಿದ್ರ್. ಅದನ್ನ ಓಡ್ಸಿದ್ರೆ ಅದಕ್ಕ್ ಎಂತಾಯ್ತ್ ಅಂದ್ ಯಾರಿಗ್ ಗೊತ್ತಾಪ್ದ್? ಕುಸುಮ ದಿನಾ ಹೆದ್ರ್ಕಂಡೇ ಇರ್ಕಾ? ಹತ್ತ್ ದಿನ ಕಳಿಲಿ. ಮತ್ತೆ ನಾನೇ ಕರ್ಕಂಡ್ ಹೋತೆ."

ತನ್ನ ಹೆಂಡತಿಯ ಜೀವದ ಮಾತಾದ್ದರಿಂದ ಮಂಜ ತಲೆಯಾಡಿಸಿದ. ಸಭೆ ಮುಗಿಯಿತು. ಹರಿಣಾಕ್ಷಿ ಮಗಳ ಜಡೆಗೆ ರಿಬ್ಬನ್ನು ಕಟ್ಟಿ ಎದ್ದುಹೋದಳು.

ಆ ಹತ್ತು ದಿನ ಜಲಜ ಮೀನಿಗೆ ಹೋಗಲಿಲ್ಲ. ನಾಯಿಯನ್ನು ತೆಂಗಿನ ಬುಡದಲ್ಲಿ ಕಟ್ಟಿ ಎದುರು ಕೂತಳು. ನೀರು ಕುಡಿಯುತ್ತದೆಯೇ, ಜೊಲ್ಲು ಸುರಿಸುತ್ತದೆಯೇ, ಕರೆದರೆ ಕಿವಿ ಎತ್ತುತ್ತದೆಯೇ ಎಂದು ನೋಡುತ್ತಿದ್ದಳು. ಪ್ರತಿ ಸಂಜೆ ಒಂದನೆಯ ಬಾಗಿಲಿಗೆ ಹೋಗಿ, "ಇವತ್ತೂ ನೀರ್ ಕುಡಿತ್, ಅನ್ನ ತಿಂತ್," ಎಂದು ಹೇಳಿ ಬರುತ್ತಿದ್ದಳು. ಕುಸುಮಾವತಿ ಉಸಿರು ಬಿಡುತ್ತಿದ್ದಳು. ಮೆಟ್ಟಿಲ ಮೇಲಿನ ತಟ್ಟೆಗೆ ಯಾರೂ ಮೀನು ಹಾಕಲಿಲ್ಲ. ಸೌಟು ಗೋಡೆಯನ್ನು ಕುಟ್ಟಲಿಲ್ಲ. ಗೋಡೆಯ ಆಚೆ ಪಾತ್ರೆ ತೊಳೆಯುವ ಸದ್ದು, ಮಗುವಿನ ನಗು, ಧಾರಾವಾಹಿಯ ಹಾಡು ಎಲ್ಲ ಕೇಳುತ್ತಿತ್ತು. ಅಷ್ಟು ಹತ್ತಿರ ಇದ್ದು ಕೂಡ ಒಂದು ಮಾತು ದಾಟಿ ಬರಲಾರದೇ ಎಂದು ಜಲಜ ಆ ಗಾರೆಯನ್ನು ನೋಡುತ್ತಿದ್ದಳು. 'ನಾಳೆ ಹೇಳುತ್ತಾಳೆ' ಎಂದುಕೊಂಡು ಮಲಗುತ್ತಿದ್ದಳು.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಇಬ್ಬರೇ ಸಿಕ್ಕಿದರು. ಹರಿಣಾಕ್ಷಿ ಸುತ್ತ ನೋಡಿ, ದನಿ ತಗ್ಗಿಸಿ, "ಜಲಜಕ್ಕ, ನಂಗೆ ರಾತ್ರಿ ನಿದ್ರಿ ಇಲ್ಲೆ..." ಎಂದಳು.

"ಇಲ್ ಬ್ಯಾಡ ಹರಿಣಿ," ಎಂದಳು ಜಲಜ. "ಜಗ್ಲಿಗೆ ಬಾ. ಅಲ್ ಹೇಳ್."

"ನಮ್ಮವ್ರ್ ನನ್ನ ಕೊಲ್ತ್ರ್. ಮಂಜಣ್ಣನ ಮುಖ ಹ್ಯಾಂಗ್ ಕಾಂಬುದ್ ನಾನ್?"

"ನನ್ನ ಮುಖ ಕಾಂಬುಕೆ ಆತ್ತಾ?"

ಹರಿಣಾಕ್ಷಿ ತುಂಬದ ಕೊಡವನ್ನೇ ಸೊಂಟಕ್ಕೇರಿಸಿ ನಡೆದಳು.

ಹತ್ತು ದಿನ ಕಳೆಯಿತು. ಬೊಳ್ಳುವಿಗೆ ಏನೂ ಆಗಲಿಲ್ಲ. ಅಂದು ಮಧ್ಯಾಹ್ನ ಕುಸುಮಾವತಿ ಕುಂಟುತ್ತ ಐದನೆಯ ಮನೆಗೆ ಬಂದಳು. ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಕಡುಬು. ಜಲಜಳ ಪಕ್ಕ ಕೂತು, ದೂರದಿಂದಲೇ ನಾಯಿಯನ್ನು ನೋಡಿದಳು. ಅವಳ ಕಣ್ಣಿನಲ್ಲಿ ನೀರಿತ್ತು.

"ನೀನ್ ಇಲ್ದಿರೆ ನಾನ್ ಹೆದ್ರಿಯೇ ಸಾಯ್ತಿದ್ದೆ ಜಲಜ. ನಿನ್ ಗುಣ ಮರುದಿಲ್ಲೆ. ಪಾಪ, ನಿನ್ ತಪ್ಪೂ ಅಲ್ಲ, ಅದ್ರ ತಪ್ಪೂ ಅಲ್ಲ. ಆ ಹರಿಣಾಕ್ಷಿ ದಿನಾ ತಕಂಬಂದ್ ಚಾಪಿ ಹತ್ರ ಕೂರ್ಸ್ತಿದ್ಲ್. ಆ ದಿನ ಮಳಿ ಗಡಿಬಿಡಿಲಿ ನಂಗೆ ನೆನಪಾಯ್ಲಿಲ್ಲೆ."

ಜಲಜ ತಿರುಗಿದಳು. "ನಿಂಗ್ ಗೊತ್ತಿತ್ತಾ?"

"ನಮ್ಮ ಅಡ್ಗಿಮನಿ ಕಿಟ್ಕಿಂದ ಕಾಣತ್ತಲೆ. ಸರಸನೂ ಕಂಡಿದ್ಲ್. ಎಲ್ಲರಿಗೂ ಗೊತ್ತಿತ್."

"ಮತ್ತೆ ಆ ದಿನ ಯಾರೂ ಹೇಳ್ಲಿಲ್ಲೆ ಎಂತಕ್ಕೆ?"

ಕುಸುಮಾವತಿ ಜಲಜಳ ಮೊಣಕಾಲ ಮೇಲೆ ಕೈ ಇಟ್ಟಳು. ಮಗುವಿಗೆ ತಿಳಿಹೇಳುವಂತೆ ಮೆಲ್ಲಗೆ ಹೇಳಿದಳು: "ಹೇಳ್ರೆ ಅಶೋಕಂಗೆ ಮರ್ಯಾದಿ ಹೋತಿತ್. ಅವ ಬಲಿ ಬಿಡ್ತಿದ್ದ. ಅವ ಬಿಟ್ರೆ ಅವ್ನ ತಮ್ದಿರೂ ಬಿಡ್ತ್ರ್. ಅಷ್ಟ್ ಕೈ ಇಲ್ದೆ ಕೈರಂಪಣಿ ಎಳುಕಾತ್ತಾ? ನಮ್ಮವ್ರೇ ಹೇಳಿದ್ರ್, ಸುಮ್ನಿರಿ ಅಂದ್. ನಿನ್ನ ಮನಿಂದ ಬಲಿಗೆ ಯಾರೂ ಇಲ್ಲೆ ಅಲ್ದಾ ಜಲಜ?"

ಅವಳು ಸಮಾಧಾನ ಹೇಳಲೆಂದೇ ಬಂದವಳು. ಹೇಳಿ ಹಗುರಾಗಿ, ಕಡುಬು ತಿನ್ನು ಎಂದು ಹೇಳಿ, ಎದ್ದುಹೋದಳು.

ಜಲಜ ಕೂತಲ್ಲೇ ಕೂತಿದ್ದಳು. ಇಷ್ಟು ದಿನ ಅವಳು ಒಬ್ಬಳ ಮಾತಿಗೆ ಕಾದಿದ್ದಳು. ಒಬ್ಬಳು ಹೆದರಿ ಸುಮ್ಮನಿದ್ದಾಳೆ ಎಂದುಕೊಂಡಿದ್ದಳು. ಹೆದರಿಕೆಯನ್ನು ಕ್ಷಮಿಸಲು ಅವಳ ಮನಸ್ಸು ಸಿದ್ಧವಾಗಿತ್ತು. ಆದರೆ ಅಂದು ಜಗುಲಿಯಲ್ಲಿ ಅವಳು ಯಾರು ಬಿಚ್ಚಿದ್ದೆಂದು ಕೇಳಿದಾಗ ಸುತ್ತ ಕೂತವರೆಲ್ಲ ಉತ್ತರ ತಿಳಿದೇ ಕೂತಿದ್ದರು. ತಿಳಿದೇ ಪಾಲಿನ ಕಟ್ಟಳೆ ಎತ್ತಿದ್ದರು. ತಿಳಿದೇ ನಕ್ಕಿದ್ದರು. ಬಲೆಯ ಹಗ್ಗ ಎಳೆಯುವ ಕೈ ಯಾವ ಮನೆಯಲ್ಲಿ ಇಲ್ಲವೋ ಆ ಮನೆಯ ಮೇಲೆ ಇಟ್ಟರೆ ಯಾರಿಗೂ ಭಾರವಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದರು, ಸಿಟ್ಟಿಲ್ಲದೆ, ದ್ವೇಷವಿಲ್ಲದೆ. ಕಡಲು ಮನೆ ಎಳೆದುಕೊಂಡಾಗಲೂ ಅವಳಿಗೆ ಹೀಗೆ ಕಾಲಡಿಯ ನೆಲ ಸರಿದಿರಲಿಲ್ಲ. ಆಗ ಈ ಏಳು ಮನೆಯವರು ಪಕ್ಕದಲ್ಲಿದ್ದರು.

ಮರುದಿನ ಬೆಳಿಗ್ಗೆ ಅವಳು ಬೊಳ್ಳುವನ್ನು ದಡದಿಂದ ಮೀನು ಒಯ್ಯುವ ರಾಮನ ಟೆಂಪೊದ ಹಿಂದೆ ಹತ್ತಿಸಿಕೊಂಡು ಬಿಜೂರಿಗೆ ಹೊರಟಳು. ಜಗುಲಿಯಲ್ಲಿ ಎಲ್ಲರೂ ನಿಂತಿದ್ದರು. ಧನ್ಯಶ್ರೀ ಅಳುತ್ತಿದ್ದಳು. ಹರಿಣಾಕ್ಷಿ ಅವಳ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

ಬಿಜೂರಿನಲ್ಲಿ ವನಜ ಎಂಬವಳ ಮನೆ. ಗದ್ದೆ, ತೆಂಗಿನ ತೋಟ, ಅಕ್ಕಪಕ್ಕ ಕೂಗಳತೆಯಲ್ಲಿ ಯಾರೂ ಇಲ್ಲ. ಜಲಜಳಿಂದ ವರ್ಷಗಳಿಂದ ಮೀನು ಕೊಳ್ಳುವವಳು. ಮಂಗಗಳ ಕಾಟಕ್ಕೆ ಒಳ್ಳೆಯ ನಾಯಿ ಇದ್ದರೆ ಹೇಳು ಎಂದು ಎಂದೋ ಹೇಳಿದ್ದಳು. ಬೊಳ್ಳುವನ್ನು ನೋಡಿ ಅವಳ ಮುಖ ಅರಳಿತು.

"ಚಂದ ಇತ್ತಲೆ! ಎಂತ ಕಾಯಿಲೆ ಗೀಯಿಲೆ ಇಲ್ಯಲೆ?"

ಇಲ್ಲ ಎಂದರೆ ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಜಲಜ ಅದನ್ನೇ ಯೋಚಿಸಿದ್ದಳು. ವನಜಳ ಮನೆಯಲ್ಲಿ ಎರಡು ಮಕ್ಕಳು. ಹೇಳಿದರೆ ಬೇಡವೆನ್ನಬಹುದು. ಬೇಡವೆಂದರೆ ಈ ನಾಯಿಗೆ ಬಂದರಿನ ಕೊಚ್ಚೆಯೇ ಗತಿ. ಸುಮ್ಮನಿರುವುದು ಎಷ್ಟು ಸುಲಭ ಎಂದು ಅವಳಿಗೆ ಆ ಅಂಗಳದಲ್ಲಿ ನಿಂತಾಗ ಗೊತ್ತಾಯಿತು.

"ಕಾಯಿಲೆ ಇಲ್ಲೆ ವನಜಮ್ಮ. ಇಂಜೆಕ್ಷನ್ ಆಯ್ದ್. ಆರೆ ಒಂದ್ ಸಲ ಕಚ್ಚಿತ್," ಎಂದಳು. ಆದದ್ದನ್ನೆಲ್ಲ ಹೇಳಿದಳು.

ವನಜ ಮಕ್ಕಳನ್ನು ಒಳಗೆ ಕಳಿಸಿ, ಬಹಳ ಹೊತ್ತು ನಾಯಿಯನ್ನೇ ನೋಡಿದಳು. "ಬಿಚ್ಚಿದ್ ಯಾರ್ ಅಂದ್ ಗೊತ್ತಾಯ್ತಾ?"

"ಬಿಚ್ಚಿದ್ ಒಬ್ಳ್," ಎಂದಳು ಜಲಜ. "ಸುಮ್ನ್ ಕೂಕಂಡದ್ದ್ ಏಳ್ ಮನಿ."

ವನಜ ಹಗ್ಗಕ್ಕೆ ಕೈ ಚಾಚಿದಳು. ಹಗಲು ತೋಟದಲ್ಲಿ ಕಟ್ಟಿ, ಮಕ್ಕಳು ಅದರ ಅನ್ನದ ಹತ್ತಿರ ಹೋಗಬಾರದು, ವರ್ಷದ ಇಂಜೆಕ್ಷನ್ ತಪ್ಪಿಸಬೇಡಿ, ಮೀನಿನ ಮುಳ್ಳು ಆರಿಸಿ ಹಾಕಿ, ಎಂದು ಜಲಜ ಹೇಳುತ್ತ ಹೋದಳು. ಹೇಳುವುದು ಮುಗಿದ ಮೇಲೂ ನಿಂತಿದ್ದಳು.

"ಹೊಂದ್ಕಂಬ ತನಕ ಸ್ವಲ್ಪ ದಿನ ಈ ಬದಿಗೆ ಬರಬೇಡಿ ಜಲಜಮ್ಮ," ಎಂದಳು ವನಜ, ನೋಯದಂತೆ. "ನಿಮ್ಮ ಸ್ವರ ಕೇಂಡ್ರೆ ಅದ್ ಇಲ್ ನಿಲ್ಲುದಿಲ್ಲೆ."

ಜಲಜ ಗದ್ದೆಯ ಅಂಚಿನಲ್ಲಿ ತಿರುಗಿ ನೋಡದೆ ನಡೆದಳು. ಹಿಂದೆ ಬೊಗಳುವ ಸದ್ದು ಬಹಳ ದೂರದವರೆಗೆ ಬಂತು. ತನ್ನನ್ನು ನಂಬಿದ ಒಂದು ಜೀವಕ್ಕೆ ತಾನೂ ಬೆನ್ನು ತೋರಿಸಿದಂತಾಯಿತು ಎಂಬುದು ಅವಳ ಎದೆಯಲ್ಲಿ ಕಲ್ಲಿನಂತೆ ಕೂತಿತು.

ಅವಳು ಮರಳಿದಾಗ ಸಾಲು ಮೊದಲಿನಂತಾಗಿತ್ತು. ಎಲ್ಲರ ಮುಖದಲ್ಲೂ ಸಲಿಗೆ ತಿರುಗಿ ಬಂದಿತ್ತು. ಚಾ ಕುಡಿದೆಯಾ ಎಂದು ಸರಸ ಕೇಳಿದಳು. ಒಳ್ಳೆಯದೇ ಆಯಿತು ಬಿಡು ಎಂದ ಮಂಜ. ಅವಳ ಮನೆಯ ಮುಂದೆ ಯಾರೋ ಗುಡಿಸಿದ್ದರು. ಕತ್ತಲಾಗುತ್ತಲೇ ಗೋಡೆಯ ಮೇಲೆ ಸೌಟಿನ ಸದ್ದು ಕೇಳಿತು, ಮೊದಲು ಅಳುಕುತ್ತ, ಆಮೇಲೆ ಎಂದಿನಂತೆ. ಜಲಜ ದೀಪ ಆರಿಸಿದಳು.

ವನಜ ಬರಬೇಡವೆಂದ ಮೇಲೆ ಬಿಜೂರಿನ ದಾರಿ ಮುಚ್ಚಿತ್ತು; ಮರುದಿನ ಅವಳು ಮಾರಲು ಹೋಗಲಿಲ್ಲ. ಸೀಳಿ ಉಪ್ಪಿಟ್ಟ ಬಂಗುಡೆಯನ್ನು ಅಂಗಳದಲ್ಲಿ ಹರಡಿ, ತಲೆಗೆ ಸೆರಗು ಹೊದ್ದು, ಕೈಯಲ್ಲೊಂದು ಕೋಲು ಹಿಡಿದು ಚಾಪೆಯ ಪಕ್ಕ ಕೂತಳು. ಹರಿಣಾಕ್ಷಿ ಬಂದು ತನ್ನ ಚಾಪೆಯನ್ನು ಅದರ ಹತ್ತಿರವೇ ಹಾಸಿದಳು. ಅವಳ ಮುಖದಲ್ಲಿ ಎಷ್ಟೋ ದಿನಗಳ ಭಾರ ಇಳಿದಂತಿತ್ತು.

"ನೀವ್ ಹ್ಯಾಂಗೂ ಇಲ್ಲೇ ಇರ್ತ್ರಿ ಅಲ್ದಾ ಜಲಜಕ್ಕ?" ಎಂದಳು. "ನಂದೂ ಒಂಚೂರ್ ಕಾಣಿ, ಅಕಾ."

ಉತ್ತರಕ್ಕೆ ಕಾಯದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಟಿವಿಯ ಹಾಡು ಕೇಳಿತು.

ಬಿಸಿಲು ಬಾವಿಕಟ್ಟೆಯನ್ನು ದಾಟಿತು. ಮೊದಲ ಕಾಗೆ ಹರಿಣಾಕ್ಷಿಯ ಚಾಪೆಯ ತುದಿಯಲ್ಲಿ ಇಳಿಯಿತು. ಜಲಜಳ ಕೈ ತಾನಾಗಿ ಮೇಲೆದ್ದಿತು. ಎದ್ದ ಕೈಯನ್ನು ಅವಳು ನೋಡಿದಳು. ಮೆಲ್ಲಗೆ ಇಳಿಸಿ, ಕೋಲನ್ನು ಮಡಿಲಿಗೆ ಎಳೆದುಕೊಂಡಳು. ಕಾಗೆ ಅವಳನ್ನು ಒಂದು ಸಲ ನೋಡಿ, ಮೀನನ್ನು ಕಚ್ಚಿಕೊಂಡು ಹಾರಿತು. ಮನೆಯ ಮಾಡಿನಿಂದ ಇನ್ನೆರಡು ಇಳಿದವು.